ದೀಪ ಹಚ್ಚಿದ ಮೇಲಿನ ಸುದ್ದಿ

ನಿನ್ನೆ ಮಧ್ಯಾಹ್ನ ಒಂದು ವಾಕ್ಯ ಕಿವಿಗೆ ಬಿತ್ತು. ವಾಕ್ಯಕ್ಕೂ ವಾಸನೆ ಇರುತ್ತದೆ ಎಂದರೆ ನಗಬೇಡಿ, ಇದಕ್ಕೆ ಇತ್ತು. ಇದ್ದಿಲ ಹೊಗೆ, ಹುಣಸೆಹಣ್ಣು, ಹರಳೆಣ್ಣೆಯಲ್ಲಿ ನೆನೆದ ಬತ್ತಿ, ಇಷ್ಟೂ ಸೇರಿದ ವಾಸನೆ. ಮಹಡಿಯ ಕೋಣೆಯಲ್ಲಿ ಬಾಡಿಗೆಗಿರುವ ಸೌಮ್ಯ ನನ್ನೆದುರಿನ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ಗೋಡೆಯ ಕ್ಯಾಲೆಂಡರಿಗೆ ಹೇಳುವವಳಂತೆ ಹೇಳಿದಳು: “ಐ ಫಾಲೋ ದಿ ನ್ಯೂಸ್ ಎವ್ರಿ ಮಾರ್ನಿಂಗ್.”

ಸೌಮ್ಯ ಬಡವನಹಳ್ಳಿಯ ಹುಡುಗಿ, ಇಲ್ಲಿ ಮಧುಗಿರಿಯಲ್ಲಿ ನರ್ಸು. ಹೊರದೇಶದ ಕೆಲಸಕ್ಕೆಂದು ಇಂಗ್ಲಿಷ್ ಮಾತಾಡುವ ಪರೀಕ್ಷೆಗೆ ಕಟ್ಟಿದ್ದಾಳೆ. ನಾನು ಒಂದು ಕಾಲಕ್ಕೆ ಇಂಗ್ಲಿಷ್ ಪಾಠ ಹೇಳಿದವಳು ಎಂದು ಯಾರೋ ಅವಳಿಗೆ ಹೇಳಿದ್ದಾರೆ. ಅಂದಿನಿಂದ ದಿನವೂ ಕೆಲಸ ಮುಗಿಸಿ ಬಂದು ನನ್ನ ಮುಂದೆ ಕೂರುತ್ತಾಳೆ. ನನ್ನ ಕಣ್ಣು ಈಗ ಸಣ್ಣ ಅಕ್ಷರಕ್ಕೆ ನಿಲ್ಲುವುದಿಲ್ಲ. ಹೀಗಾಗಿ ನಮ್ಮದು ಕೊಡುಕೊಳ್ಳುವ ಲೆಕ್ಕ: ನಾನು ಅವಳ ಇಂಗ್ಲಿಷ್ ಕೇಳುತ್ತೇನೆ, ಅವಳು ನನಗೆಂದು ತನ್ನ ಫೋನಿಗೆ ಬಂದ ಸಂದೇಶಗಳನ್ನು ಓದಿ ಹೇಳುತ್ತಾಳೆ. ನಿನ್ನೆಯ ವಿಷಯ, ನೀವು ಸುದ್ದಿಯನ್ನು ಯಾವಾಗ, ಹೇಗೆ ತಿಳಿಯುತ್ತೀರಿ ಎಂಬುದು.

“ಬೆಳಿಗ್ಗೆ ಎಲ್ಲಿ ತಿಳ್ಕೊತೀಯಮ್ಮಾ? ಬೆಳಿಗ್ಗೆ ನೀನು ಬಾಯಲ್ಲಿ ಹೇರ್‌ಪಿನ್ನು ಕಚ್ಕೊಂಡು ಬಸ್ಸಿಗೆ ಓಡ್ತಿರ್ತೀಯ” ಎಂದೆ.

“ಅಯ್ಯೋ ಅಜ್ಜಿ, ಪರೀಕ್ಷೇಲಿ ಹಂಗೇ ಹೇಳ್ಬೇಕಂತೆ. ನಿಜ ಹೇಳೋಕೆ ಹೋದ್ರೆ ತಡವರಿಸ್ತೀವಂತೆ.”

ನಾನು ನಕ್ಕೆ. ನಗು ಬೇಗ ನಿಲ್ಲಲಿಲ್ಲ. ಅದೇ ಎವ್ರಿ ಮಾರ್ನಿಂಗ್. ಅರಮನೆಯ ಕಾಲ ಹೋಗಿ, ಯುದ್ಧ ಹೋಗಿ, ಇದ್ದಿಲಿನ ಬಸ್ಸು ಹೋಗಿ, ಆ ಸುಳ್ಳು ಮಾತ್ರ ಇಸ್ತ್ರಿ ಮಾಡಿದ ಹಾಗೆ ಹಾಗೇ ಉಳಿದಿದೆ. ಇದನ್ನೇ ನಾನೂ ಬಾಯಿಪಾಠ ಮಾಡಿದ್ದೆ. ಇದೇ ಊರಿನಲ್ಲಿ, ಇಂಥದೇ ಒಂದು ಪರೀಕ್ಷೆಗೆ. ಆ ಕಥೆಯನ್ನು ನಿನ್ನೆ ಸೌಮ್ಯಳಿಗೆ ಹೇಳಿದೆ. ಇವತ್ತು ಬೆಳಕು ಹರಿಯುವ ಮುಂಚೆ ಎದ್ದು, ದಪ್ಪ ದಪ್ಪ ಅಕ್ಷರದಲ್ಲಿ ನಿಮಗೆ ಹೇಳುತ್ತಿದ್ದೇನೆ. ಇಷ್ಟು ಬೇಗ ಯಾಕೆ ಎದ್ದೆ ಎಂಬುದನ್ನು ಕೊನೆಗೆ ಹೇಳುತ್ತೇನೆ.

ನಮ್ಮ ಮನೆ ಪೇಟೆಯ ಬೀದಿಯಲ್ಲಿತ್ತು. ಮುಂದಿನ ಅಂಕಣದಲ್ಲಿ ತಾತನ ಹುಣಸೆಹಣ್ಣಿನ ಮಂಡಿ, ಹಿಂದೆ ನಾವು. ಜಗಲಿಯ ಮೇಲೆ ಕೂತರೆ ಎದುರಿಗೆ ಬೆಟ್ಟ. ಹೊಸಬರು ಬಂದರೆ ಕತ್ತೆತ್ತಿ ನೋಡುತ್ತಾರೆ. ನಾವು ಅದನ್ನು ನೋಡುತ್ತಿರಲಿಲ್ಲ, ಅದು ನಮ್ಮನ್ನು ನೋಡುತ್ತಿತ್ತು. ಸಂಜೆ ಅದರ ನೆರಳು ಬೀದಿಗೆ ಇಳಿಯುವಾಗ ಮೊದಲು ಎದುರು ಮನೆಯ ಹೆಂಚು ಕಪ್ಪಾಗುತ್ತಿತ್ತು, ಆಮೇಲೆ ಬಾವಿಯ ಗಡಗಡೆ, ಆಮೇಲೆ ತಾತನ ಬಿಳಿ ರುಮಾಲು. ಹೀಗೆ ಕ್ರಮವಾಗಿ ಕಪ್ಪಾಗುತ್ತಿತ್ತೆ, ಅಥವಾ ಬರೆಯುವಾಗ ನಾನು ಸಾಲು ನಿಲ್ಲಿಸುತ್ತಿದ್ದೇನೆಯೆ? ನೆನಪು ಬಲು ಅಚ್ಚುಕಟ್ಟಿನ ಹೆಂಗಸು. ಮನೆಗೆ ಯಾರಾದರೂ ಬರುತ್ತಾರೆ ಎಂದರೆ ಎಲ್ಲವನ್ನೂ ಎತ್ತಿಟ್ಟುಬಿಡುತ್ತಾಳೆ. ಆಮೇಲೆ ಬೇಕಾದ್ದು ಸಿಕ್ಕುವುದಿಲ್ಲ.

ತಾತನಿಗೆ ಕಣ್ಣಿಗೆ ಪೊರೆ ಬಂದು ಕಾಣುತ್ತಿರಲಿಲ್ಲ. ಆದರೂ ಇಂಗ್ಲಿಷ್ ಪೇಪರು ತರಿಸುತ್ತಿದ್ದರು. ಇಂಗ್ಲಿಷ್ ಅವರಿಗೆ ಬರುತ್ತಿರಲಿಲ್ಲ. “ಯುದ್ಧ ಅವರ್ದು. ಅವರ ಭಾಷೆನಾಗೇ ಒಂದ್ಸಲ ಕೇಳ್ಬುಡಾನ. ಆಮೇಲೆ ನಮ್ದ್ರಾಗೆ ಏಳವ್ವ” ಎನ್ನುತ್ತಿದ್ದರು. ನಾನು ಒಂದು ವಾಕ್ಯ ಇಂಗ್ಲಿಷಿನಲ್ಲಿ ಓದಬೇಕು. ಅವರು ಕಣ್ಣು ಮುಚ್ಚಿ, ಕಾಣದ ಕಣ್ಣನ್ನು ಯಾಕೆ ಮುಚ್ಚುತ್ತಿದ್ದರೋ, ಅದರ ಏರಿಳಿತ ಕೇಳಬೇಕು. ಆಮೇಲೆ ನಾನು ಕನ್ನಡದಲ್ಲಿ ಹೇಳಬೇಕು. ಮೊದಲು ಈ ಕೆಲಸ ಅಣ್ಣನದಾಗಿತ್ತು. ಅವನು ಸಾಲು ಹಾರಿಸುತ್ತಿದ್ದ. ತಾತ ಕಂಡುಹಿಡಿದುಬಿಟ್ಟರು. “ಲೇ, ನಿನ್ ಧ್ವನಿ ಕುಂಟ್ತೈತೆ ಕಣ್ಲಾ. ಎರಡು ಸಾಲು ನುಂಗಿದೆ ನೀನು” ಎಂದು ಅವನನ್ನು ಇಳಿಸಿ ನನ್ನನ್ನು ಕೂರಿಸಿದರು. ಅಣ್ಣ ಅದನ್ನು ಬಹಳ ದಿನ ಮರೆಯಲಿಲ್ಲ.

ಆಗ ಪೆಟ್ರೋಲಿಗೆ ಬರ. ಬಸ್ಸಿನ ಬೆನ್ನಿಗೆ ಕಬ್ಬಿಣದ ಒಲೆ ಕಟ್ಟಿ, ಇದ್ದಿಲು ಉರಿಸಿ, ಆ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ತುಮಕೂರಿನಿಂದ ಹೊರಟು, ಕೊರಟಗೆರೆಯಲ್ಲಿ ನಿಂತು ಉಸಿರು ತೆಗೆದುಕೊಂಡು, ಏರು ಬಂದಲ್ಲಿ ಜನರನ್ನು ಇಳಿಸಿ ಅವರಿಂದಲೇ ತಳ್ಳಿಸಿಕೊಂಡು ಬಸ್ಸು ನಮ್ಮೂರಿಗೆ ಬರುವ ಹೊತ್ತಿಗೆ ಸೂರ್ಯ ಬೆಟ್ಟದ ಹಿಂದೆ ಇರುತ್ತಿದ್ದ. ಡ್ರೈವರು ಪಾವಗಡದ ಕಡೆಯವನು, ತೆಲುಗಿನವನು. “ಇದಿಗೋ ಪಾಪ, ಮೀ ತಾತಂದು ಪೇಪರು, ಪಟ್ಟುಕೋ!” ಎಂದು ಸುರುಳಿಯನ್ನು ಎಸೆಯುತ್ತಿದ್ದ. ಪೇಪರಿಗೆ ಮಸಿಯ ವಾಸನೆಗಿಂತ ಇದ್ದಿಲ ವಾಸನೆಯೇ ಹೆಚ್ಚು. ಯುದ್ಧ ಅಂದರೆ ಹೀಗೇ ವಾಸನೆ ಬರುತ್ತದೆ ಎಂದುಕೊಂಡಿದ್ದೆ.

ಇನ್ನು ನಮ್ಮ ಮನೆಯ ಪದ್ಧತಿ. ದೀಪ ಹಚ್ಚಿದ ಮೇಲೆ ಸಾವಿನ ಸುದ್ದಿ ಓದಬಾರದು. ಪೇಪರು ಬರುವುದೇ ದೀಪದ ಹೊತ್ತಿಗಾದ್ದರಿಂದ, ಅದರಲ್ಲಿ ಸತ್ತವರೆಲ್ಲ ಮಾರನೆಯ ಬೆಳಿಗ್ಗೆಯವರೆಗೆ ಕಾಯಬೇಕು. ಬಸ್ ನಿಲ್ಲುವ ಜಾಗದಿಂದ ಮನೆಗೆ ಬರುವಷ್ಟರಲ್ಲಿ ನಾನು ಪೇಪರಿನ ಮೇಲೆ ಕಣ್ಣಾಡಿಸಿ, ಸಾವಿದ್ದ ಕಡೆ ಉಗುರಿನಿಂದ ಗೀರುತ್ತಿದ್ದೆ. ಗೀರಿದ್ದನ್ನು ಬಿಟ್ಟು ಉಳಿದದ್ದನ್ನು ಸಂಜೆ ಓದುವುದು: ಕಡಲೆಕಾಯಿಯ ಧಾರಣೆ, ಯಾವುದೋ ಸಭೆ, ಯಾವುದೋ ಊರನ್ನು ಹಿಡಿದದ್ದು, ಬಿಟ್ಟದ್ದು. ಬೆಳಿಗ್ಗೆ ತಾತ ಸ್ನಾನ, ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿ ಇರುವಾಗಲೇ ಜಗಲಿಗೆ ಬಂದು ಕೂರುತ್ತಿದ್ದರು. “ಹೂಂ, ಈಗ ಏಳವ್ವ. ಯಾರ್ಯಾರು ತೀರ್ಕಂಡ್ರು?” ನಾನು ಹೇಳುತ್ತಿದ್ದೆ. “ಶಿವ ಶಿವ” ಎಂದು ಆಮೇಲೆ ಕಾಫಿ ಕುಡಿಯುತ್ತಿದ್ದರು.

ಈ ಪದ್ಧತಿ ಯಾಕೆ ಬಂತೆಂದು ಕೇಳಿದರೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಅವ್ವ ಹೇಳುತ್ತಿದ್ದುದು, ತಾತನ ತಮ್ಮ ಪಾವಗಡದಲ್ಲಿ ತೀರಿಹೋದ ಸುದ್ದಿ ದೀಪದ ಹೊತ್ತಿಗೆ ಬಂದು, ಅವತ್ತು ಆರಿಸಿದ ದೀಪವನ್ನು ತಾತನ ತಾಯಿ ಎಷ್ಟೋ ದಿನ ಹಚ್ಚಲೇ ಇಲ್ಲವಂತೆ. ಅಣ್ಣ ಹೇಳುತ್ತಿದ್ದುದು, ಇದು ಮಂಡಿಯವರ ಲೆಕ್ಕಾಚಾರ, ಲಕ್ಷ್ಮಿ ಒಳಗೆ ಬರುವ ಹೊತ್ತಿನಲ್ಲಿ ಬಾಗಿಲಲ್ಲಿ ಅಳು ಇರಬಾರದೆಂದು. ತಾತನನ್ನೇ ಕೇಳಿದೆ. ಅವರು ಹೇಳಿದ್ದು ಇಷ್ಟೇ: “ಸತ್ತೋರು ಎಲ್ಲಿಗೋಯ್ತಾರವ್ವ? ಬೆಳಿಗ್ಗೇನೂ ಸತ್ತೇ ಇರ್ತಾರೆ. ಒಂದ್ರಾತ್ರಿ ಬದುಕ್ಕಳ್ಳಿ ಬುಡು.”

ಹಾಗೆ ಅವರು ನಮ್ಮ ಮನೆಯಲ್ಲಿ ಒಂದು ರಾತ್ರಿ ಬದುಕುತ್ತಿದ್ದರು. ಎಲ್ಲರೂ ಮಲಗಿದ ಮೇಲೆ ಅವರ ಸಾವು ಗೊತ್ತಿದ್ದವಳು ನಾನೊಬ್ಬಳೇ. ಯಾವುದೋ ಮರಳುಗಾಡಿನ ಸೇನಾಪತಿ ಹುಣಸೆಹಣ್ಣಿನ ಮೂಟೆಗೆ ಒರಗಿ ಬೂಟು ಬಿಚ್ಚುತ್ತಿದ್ದ. ನನಗೆ ಹೆಸರು ಸರಿಯಾಗಿ ಓದಲು ಬಾರದ ಒಬ್ಬ ಮುದುಕಿ ರಾಣಿ ಬಚ್ಚಲ ಹಂಡೆಯ ಹತ್ತಿರ ಚಳಿ ಕಾಯಿಸಿಕೊಳ್ಳುತ್ತಿದ್ದಳು. ಮೈಸೂರಿನ ಕಡೆಯ ಯಾರೋ ದೊಡ್ಡ ಮನುಷ್ಯರು ನಡುಮನೆಯಲ್ಲಿ ನಿಂತು, ಯಾವ ಕಡೆ ಹೋಗಲಿ ಎಂದು ನನ್ನನ್ನೇ ಕೇಳುತ್ತಿದ್ದರು. ಹೆದರಿಕೆ ಆಗುತ್ತಿರಲಿಲ್ಲ. ಅವರಿಗೆ ತಾವು ಸತ್ತದ್ದು ಗೊತ್ತಿರಲಿಲ್ಲ, ನಾನು ಹೇಳುತ್ತಲೂ ಇರಲಿಲ್ಲ. ಬೆಳಿಗ್ಗೆ ಕಸ ಗುಡಿಸುವಾಗ ಅವ್ವ ಅವರೆಲ್ಲರನ್ನೂ ಹೊರಕ್ಕೆ ಹಾಕುತ್ತಿದ್ದಳು.

ಜಗಲಿಯ ಕೇಳುಗರಲ್ಲಿ ಹುಲಿಕುಂಟೆಯ ಕ್ಯಾತಪ್ಪನನ್ನು ನೀವು ನೋಡಬೇಕಾಗಿತ್ತು. ಕುರಿ ಮಂದೆಯವನು. ಉಣ್ಣೆಯ ಗಂಟು ಹೊತ್ತು ಪೇಟೆಗೆ ಬಂದರೆ ನಮ್ಮ ಜಗಲಿಯ ಮೇಲೇ ಮಲಗಿ ಬೆಳಿಗ್ಗೆ ಹೋಗುವವನು. ಯಾವ ದೇಶದ ಹೆಸರು ಬಂದರೂ ಅವನದು ಒಂದೇ ಪ್ರಶ್ನೆ: “ಆ ದೇಸದಾಗೆ ಕುರಿ ಅವೇನವ್ವ?” ಜರ್ಮನಿಯಲ್ಲಿ ಕುರಿ ಇವೆಯೆ? ಜಪಾನಿನಲ್ಲಿ? ನನಗೇನು ಗೊತ್ತು? ಇವೆ ಎಂದೇ ಹೇಳುತ್ತಿದ್ದೆ. “ಅಂಗಾರೆ ಅವರೂ ಮನುಷ್ರೇಯ” ಎಂದು ತಲೆಯಾಡಿಸುತ್ತಿದ್ದ.

ಓದಿ ಮುಗಿದ ಪೇಪರು ಮಂಡಿಗೆ ಹೋಗಿ ಪೊಟ್ಟಣವಾಗುತ್ತಿತ್ತು. ಮಂತ್ರಿಗಳು ಬೆಲ್ಲ ಕಟ್ಟಿಸಿಕೊಂಡು, ಹಡಗುಗಳು ಮೆಣಸಿನಕಾಯಿ ತುಂಬಿಕೊಂಡು ಸಿರಾದ ಸಂತೆಯವರೆಗೂ ಹೋಗುತ್ತಿದ್ದವು. ಆದರೆ ನಾನು ಪರೀಕ್ಷೆಯ ಕಥೆ ಹೇಳಬೇಕು.

ಆ ವರ್ಷ ನಾನು ಮಿಡಲ್ ಸ್ಕೂಲ್ ಮುಗಿಸಿದ್ದೆ. ತುಮಕೂರಿಗೆ ಹೋಗಿ ಹೈಸ್ಕೂಲು ಓದಲು ಹುಡುಗಿಯರಿಗೆ ಊಟ ವಸತಿ ಸಮೇತ ಒಂದು ಸೀಟು ಇದೆ, ಹೆಣ್ಣುಮಕ್ಕಳ ಶಾಲೆಗಳನ್ನು ನೋಡುವ ಇನ್‌ಸ್ಪೆಕ್ಟ್ರೆಸ್ ಅಮ್ಮನವರು ಖುದ್ದಾಗಿ ಬಂದು ಇಂಗ್ಲಿಷಿನಲ್ಲಿ ಮಾತಾಡಿಸಿ ಆರಿಸುತ್ತಾರೆ ಎಂದು ನಮ್ಮ ಮೇಷ್ಟ್ರು ಸುದ್ದಿ ತಂದರು. ಮನೆಯಲ್ಲಿ ಇನ್ನೊಂದು ಮಾತೂ ನಡೆದಿತ್ತು. ಸಿರಾದಲ್ಲಿ ಎಣ್ಣೆ ಗಾಣದವರ ಮನೆ, ಒಳ್ಳೆಯ ಜನ, ಹುಡುಗನೂ ಒಳ್ಳೆಯವನೇ ಎಂದು ಹೇಳುತ್ತಿದ್ದರು. ಸೀಟು ಸಿಕ್ಕಿದರೆ ಓದು, ಸಿಕ್ಕದಿದ್ದರೆ ಕಾರ್ತಿಕ ಕಳೆದ ಮೇಲೆ ಮದುವೆ. ಅಪ್ಪ ಹೀಗೆ ಎರಡನ್ನೂ ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟು ಪಾವಗಡಕ್ಕೆ ಕಡಲೆಕಾಯಿ ಕೊಳ್ಳಲು ಹೊರಟುಹೋದರು. ಅಣ್ಣ ನಾನು ಎದುರಿಗೆ ಸಿಕ್ಕಾಗಲೆಲ್ಲ ಬಾಯಲ್ಲೇ ಗಾಣದ ಸದ್ದು ಮಾಡುತ್ತಿದ್ದ, ಕಿರ್ರ್... ಕಿರ್ರ್... ಎಂದು. ನಾನು ನಗುತ್ತಿದ್ದೆ, ಆಮೇಲೆ ಕೊಟ್ಟಿಗೆಗೆ ಹೋಗಿ ಅಳುತ್ತಿದ್ದೆ. ನನಗೆ ಗಾಣದ ಹುಡುಗನ ಮೇಲೆ ಕೋಪವಿರಲಿಲ್ಲ. ನನಗೆ ಬೇಕಾಗಿದ್ದದ್ದು ಪೇಪರು ಎಲ್ಲಿಂದ ಬರುತ್ತದೋ ಆ ಕಡೆಗೆ ಹೋಗುವುದು.

ಮೇಷ್ಟ್ರು ಸಂಜೆ ಮನೆಗೆ ಬಂದು ಉತ್ತರ ಕಲಿಸಿದರು. ಪೇಪರು ಓದುವ ಅಭ್ಯಾಸದ ಬಗ್ಗೆ ತಪ್ಪದೆ ಕೇಳುತ್ತಾರಂತೆ. “ಐ ರೀಡ್ ದಿ ನ್ಯೂಸ್‌ಪೇಪರ್ ಎವ್ರಿ ಮಾರ್ನಿಂಗ್” ಎಂದು ನಾನು ಒಪ್ಪಿಸುತ್ತಿದ್ದಾಗ ತಾತ ಅರ್ಥ ಕೇಳಿದರು. ಹೇಳಿದೆ.

“ಬೆಳಿಗ್ಗೆ ಎಲ್ಲಿ ಬತ್ತೈತೆ ಪೇಪರು? ಮೇಷ್ಟ್ರೇ, ಮಗೀಗೆ ಸುಳ್ಳು ಯಾಕೆ ಕಲಿಸ್ತೀರಾ?”

“ಸುಳ್ಳಲ್ಲ ಯಜಮಾನ್ರೇ. ಇಂಗ್ಲಿಷ್‌ನಲ್ಲಿ ಪೇಪರ್ ಬೆಳಿಗ್ಗೇನೇ ಓದೋದು.”

ತಾತ “ಅಂಗೋ” ಎಂದರು. ಅವರು ಒಪ್ಪಿದರೋ, ಇಂಗ್ಲಿಷಿನ ಬಗ್ಗೆ ಕನಿಕರಪಟ್ಟರೋ ಇವತ್ತಿಗೂ ನನಗೆ ಗೊತ್ತಿಲ್ಲ.

ಪರೀಕ್ಷೆ ನಡೆದದ್ದು ಊರಾಚೆಯ ಬಂಗಲೆಯಲ್ಲಿ. ಸುತ್ತಲಿನ ಊರುಗಳಿಂದ ಹುಡುಗಿಯರು ಬಂದಿದ್ದರು, ಒಬ್ಬೊಬ್ಬರ ಹಿಂದೆ ಒಬ್ಬೊಬ್ಬ ಚಿಕ್ಕಪ್ಪನೋ ಮಾವನೋ. ನನ್ನ ಸರದಿ ಕೊನೆಗೆ ಬಂತು. ಬಂಗಲೆಯ ಮುಂದಿನ ರಸ್ತೆಯಲ್ಲೇ ಬಸ್ಸು ಹಾದುಹೋಗುವುದು. ನಾನು ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದುದನ್ನು ಡ್ರೈವರು ನೋಡಿ, ಅಲ್ಲಿಗೇ ಸುರುಳಿ ಎಸೆದ. ಬಿಚ್ಚಿ ನೋಡಿದೆ. ಮುಖಪುಟದ ತುಂಬ ಒಂದೇ ಸುದ್ದಿ. ಯಾವುದೋ ದೂರದ ಸಮುದ್ರದಲ್ಲಿ ಹಡಗು ಮುಳುಗಿತ್ತು. ಅದರಲ್ಲಿ ಮನೆ ಬಿಟ್ಟು ಬೇರೆ ದೇಶಕ್ಕೆ ಹೊರಟಿದ್ದ ಹೆಂಗಸರು, ಮಕ್ಕಳು. ಒಬ್ಬ ಉಪಾಧ್ಯಾಯಿನಿ ದೋಣಿಯಲ್ಲಿ ತನಗಿದ್ದ ಜಾಗಕ್ಕೆ ಮಕ್ಕಳನ್ನು ಇಳಿಸಿ ತಾನು ಹಡಗಿನ ಮೇಲೇ ಉಳಿದಳಂತೆ. ನಾನು ಅದನ್ನು ಮತ್ತೆ ಮತ್ತೆ ಓದಿದೆ. ಆ ಇಂಗ್ಲಿಷ್ ನನ್ನೊಳಗೆ ತಾನಾಗಿ ಜೋಡಣೆಯಾಗುತ್ತಾ ಹೋಯಿತು. ಮೊದಲ ಸಲ ನನಗೆ ಇಂಗ್ಲಿಷಿನಲ್ಲಿ ಹೇಳಬೇಕಾದ ಮಾತೊಂದು ಇತ್ತು. ಅಷ್ಟರಲ್ಲಿ ಜವಾನ ನನ್ನ ಹೆಸರು ಕೂಗಿದ.

ಇನ್‌ಸ್ಪೆಕ್ಟ್ರೆಸ್ ಅಮ್ಮನವರು ಕನ್ನಡಕದವರು. ಸೀರೆಯ ಕೆಳಗೆ ಬೂಟು ಹಾಕಿದ್ದರು. ಮೇಜಿನ ಅಡಿಯಲ್ಲಿ ಒಂದು ಕಾಲಿನ ಬೂಟನ್ನು ಬಿಚ್ಚಿಟ್ಟಿದ್ದು ನನಗೆ ಕಂಡಿತು. ದಿನವಿಡೀ ಹುಡುಗಿಯರ ಇಂಗ್ಲಿಷ್ ಕೇಳಿ ದಣಿದಿದ್ದರು. ಪೇಪರು ಓದುತ್ತೀಯಾ ಎಂದು ಕೇಳಿದರು. ನಾನು ಎವ್ರಿ ಮಾರ್ನಿಂಗ್ ಎಂದೆ. ಅವರು ನಕ್ಕು, “ನಾನು ಬಂದಾಗಿನಿಂದ ಈ ಊರಿಗೆ ಬೆಳಿಗ್ಗೆ ಪೇಪರು ಬಂದದ್ದು ಕಾಣೆ” ಎಂದು ಇಂಗ್ಲಿಷಿನಲ್ಲೇ ಹೇಳಿದರು. ನಾಚಿಕೆಯಿಂದ ಕಿವಿ ಬಿಸಿಯಾಯಿತು. “ಇರಲಿ, ನಿನ್ನ ಕೈಯಲ್ಲಿರುವುದು ಇವತ್ತಿನದಲ್ಲವೇ? ಅದರಲ್ಲಿ ನಿನ್ನ ಮನಸ್ಸಿಗೆ ತಾಗಿದ್ದನ್ನು ಹೇಳು. ಬಾಯಿಪಾಠ ಬೇಡ.”

ನಾನು ಬಾಯಿ ತೆರೆದೆ. ಅದೇ ಗಳಿಗೆಗೆ ಜವಾನ ದೀಪ ತಂದು ಮೇಜಿನ ಮೇಲಿಟ್ಟು, ಎರಡೂ ಕೈ ಜೋಡಿಸಿ ದೀಪಕ್ಕೆ ನಮಸ್ಕಾರ ಮಾಡಿ ಹೋದ.

ಬಾಯಿ ಮುಚ್ಚಿತು. ಮುಚ್ಚಬೇಕೆಂದು ನಾನು ತೀರ್ಮಾನ ಮಾಡಿದ್ದಲ್ಲ. ಮಳೆ ಬಂದರೆ ಕೈ ತಾನೇ ಹೋಗಿ ಕಿಟಕಿ ಮುಚ್ಚುವ ಹಾಗೆ ಮುಚ್ಚಿತು. ಬೇರೆ ಸುದ್ದಿ ಹೇಳೋಣವೆಂದರೆ ಒಂದೂ ಸಿಕ್ಕಲಿಲ್ಲ. ಧಾರಣೆ, ಸಭೆ, ಕ್ರಿಕೆಟ್ಟು, ಎಲ್ಲವೂ ಆ ಹಡಗಿನೊಂದಿಗೆ ಮುಳುಗಿದ್ದವು. ಅಮ್ಮನವರು ಕಾದರು. “ಹೇಳು” ಎಂದರು. ಸಿರಾದ ಗಾಣ ಕಿರ್ರೆಂದಿತು. ಕೊನೆಗೆ ನನ್ನ ಬಾಯಿಂದ ಬಂದ ಇಂಗ್ಲಿಷ್ ಇಷ್ಟು: “ಲ್ಯಾಂಪ್ ಹ್ಯಾಸ್ ಕಮ್, ಮೇಡಂ. ನೋ ಡೆತ್ ಆಫ್ಟರ್ ಲ್ಯಾಂಪ್. ಐ ವಿಲ್ ಟೆಲ್ ಇನ್ ದಿ ಮಾರ್ನಿಂಗ್.”

ಅವರು ದೀಪವನ್ನು ನೋಡಿದರು, ನನ್ನನ್ನು ನೋಡಿದರು. ನಾಳೆ ಬೆಳಗಿನ ಬಸ್ಸಿಗೆ ತಾವು ಹೊರಡುವುದಾಗಿ ಹೇಳಿದರು. ಪೆನ್ಸಿಲಿನಿಂದ ಏನೋ ಬರೆದುಕೊಂಡರು. “ಯೂ ಮೇ ಗೋ.”

ಮನೆಗೆ ಬಂದು ನಡೆದದ್ದನ್ನು ತಾತನಿಗೆ ಹೇಳಿದೆ, ಹಡಗೊಂದನ್ನು ಬಿಟ್ಟು. ಅಣ್ಣ ಅವತ್ತು ಗಾಣದ ಸದ್ದು ಮಾಡಲಿಲ್ಲ. ತಾತ ಬಹಳ ಹೊತ್ತು ಊರುಗೋಲಿನ ತುದಿಯನ್ನು ಸವರುತ್ತಾ ಕೂತಿದ್ದರು.

“ಏಳ್ಬುಡಬೇಕಾಗಿತ್ತು ಕಣವ್ವ. ಅದು ನಮ್ಮನೆ ದೀಪ ಅಲ್ಲ.”

“ದೀಪ ಎಲ್ಲಾ ಒಂದೇ ಅಲ್ವಾ ತಾತ?”

ಅವತ್ತು ನಾನು ಬರೀ ಧಾರಣೆ ಓದಿದೆ. ರಾತ್ರಿ ಆ ಉಪಾಧ್ಯಾಯಿನಿ ನಮ್ಮ ಮನೆಯಲ್ಲಿದ್ದಳು. ಒದ್ದೆ ಸೀರೆಯಲ್ಲಿ. ಅವಳ ದೇಶದಲ್ಲಿ ಸೀರೆ ಇಲ್ಲ ಎಂಬುದು ಗೊತ್ತಿದ್ದರೂ ಸೀರೆಯಲ್ಲೇ ಇದ್ದಳು. ಜೊತೆಗೆ ದೋಣಿಯಲ್ಲಿ ಜಾಗ ಸಿಗದ ಮಕ್ಕಳು. ಮೂಟೆಗಳ ಸಂದಿಯಲ್ಲಿ ಜಾಗ ಮಾಡಿಕೊಂಡು ಎಲ್ಲರೂ ಮಲಗಿದರು. ನಾನೂ ಮಲಗಿದೆ.

ಇಲ್ಲಿಂದ ಮುಂದೆ ಕಥೆ ಎರಡಾಗಿ ಒಡೆಯುತ್ತದೆ. ಒಂದು ನನ್ನದು, ಒಂದು ಅಣ್ಣನದು.

ನನ್ನದು ಹೀಗೆ. ಬೆಳಕು ಹರಿಯುವಾಗ ಎದ್ದು ಹೊರಗೆ ಬಂದರೆ ಇನ್‌ಸ್ಪೆಕ್ಟ್ರೆಸ್ ಅಮ್ಮನವರು ನಮ್ಮ ಜಗಲಿಯ ಮೇಲೆ ಕೂತಿದ್ದಾರೆ. ಮಂಡಿಯ ಕುರ್ಚಿ ತಂದಿಟ್ಟರೂ ಅದರಲ್ಲಿ ಕೂರದೆ, ಕ್ಯಾತಪ್ಪನ ಉಣ್ಣೆ ಗಂಟಿನ ಪಕ್ಕ, ಕಲ್ಲಿನ ಮೇಲೆ. ಎದ್ದು ದೂರ ಹೋಗುತ್ತಿದ್ದ ಕ್ಯಾತಪ್ಪನನ್ನು “ಕೂತ್ಕೊಳ್ಳಿ, ಕೂತ್ಕೊಳ್ಳಿ” ಎಂದು ಕೂರಿಸಿದರು. ಅಂಗಳದಲ್ಲಿ ದಾಳಿಂಬೆ ಹೂ ಬಿಟ್ಟಿತ್ತು. “ಈಗ ಬೆಳಿಗ್ಗೆ. ಹೇಳು” ಎಂದರು. ನಾನು ಹಡಗಿನ ಸುದ್ದಿಯನ್ನು ಇಂಗ್ಲಿಷಿನಲ್ಲಿ ಹೇಳಿದೆ. ಪೇಪರು ನೋಡದೆ. ವ್ಯಾಕರಣ ತಪ್ಪಿತೇ, ಗೊತ್ತಿಲ್ಲ. ಉಪಾಧ್ಯಾಯಿನಿಯ ಮಾತು ಬಂದಾಗ, ನಾನಿನ್ನೂ ಕನ್ನಡದಲ್ಲಿ ಹೇಳುವ ಮುಂಚೆಯೇ, ತಾತ ತಲೆ ಬಾಗಿಸಿದರು. ಕ್ಯಾತಪ್ಪ ಮುಂಡಾಸು ತೆಗೆದು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಕನ್ನಡದಲ್ಲಿ ಹೇಳಿದೆ.

“ಹಡಗ್ನಾಗೆ ಕುರಿನೂ ಇದ್ವಾ ತಾಯಿ?” ಎಂದು ಕೇಳಿದ ಕ್ಯಾತಪ್ಪ, ನನ್ನನ್ನಲ್ಲ, ಅಮ್ಮನವರನ್ನು.

ಅವರು ನಗಲಿಲ್ಲ. ಯೋಚಿಸಿ, “ಇದ್ದಿರಬಹುದು. ದೊಡ್ಡ ಹಡಗು” ಎಂದರು.

“ಪಾಪ” ಎಂದ.

ಆಮೇಲೆ ಅವರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೊನೆಯ ಪ್ರಶ್ನೆ ಕೇಳಿದರು. “ಇವರೆಲ್ಲರಿಗೂ ನೀನು ಒಂದು ರಾತ್ರಿ ತಡೆದು ಹೇಳುತ್ತೀ. ನಿನಗೆ ಯಾರು ತಡೆದು ಹೇಳುತ್ತಾರೆ?” ನಾನು “ನೋಬಡಿ, ಮೇಡಂ. ಐ ರೀಡ್” ಎಂದೆ. ಅವರು ಎದ್ದು ಬಸ್ಸಿಗೆ ಹೋದರು. ಸೀಟು ನನಗೆ ಸಿಕ್ಕಿತು. ಸಿರಾದ ಹುಡುಗನಿಗೆ ಬೇರೆ ಹುಡುಗಿ ಸಿಕ್ಕಿದಳು. ನಾನು ಇಂಗ್ಲಿಷ್ ಕಲಿತು, ಕಲಿಸಿ, ಇಷ್ಟು ವರ್ಷದ ಮೇಲೆ ಸೌಮ್ಯಳ ಎದುರು ಕೂತಿದ್ದೇನೆ.

ಅಣ್ಣನದು ಬೇರೆ. “ನಮ್ಮ ಜಗಲಿ ಮ್ಯಾಲೆ ಆಯಮ್ಮ ಕೂತಿದ್ಲಾ? ಕನಸು ಕಂಡಿದ್ದೀಯ ಕಣೇ” ಎನ್ನುತ್ತಾನೆ. ಅವನ ಪ್ರಕಾರ, ಕೋಳಿ ಕೂಗುವ ಹೊತ್ತಿಗೆ ತಾತ ಅವನನ್ನು ಎಬ್ಬಿಸಿದರು. “ಬಾರ್ಲಾ, ಬಂಗ್ಲೆಗೆ ಓಗಾನ.” ಕೋಟು ಹಾಕಿ, ರುಮಾಲು ಸುತ್ತಿ, ಅಣ್ಣನ ಕೈ ಹಿಡಿದು ಊರಾಚೆಗೆ ನಡೆದರು. ಬಂಗಲೆಯ ಜಗಲಿಯಲ್ಲಿ ನಿಂತು ಅಮ್ಮನವರಿಗೆ ಹೇಳಿದರಂತೆ: “ತಾಯಿ, ದೀಪ ನಿಮ್ದು, ಪದ್ಧತಿ ನಮ್ದು. ಮಧ್ಯದಾಗೆ ಮಗು ಸಿಕ್ಕಾಕ್ಕಂಡೈತೆ.” ಅದನ್ನು ಕೇಳಿ ಅವರು ಜವಾನನನ್ನು ಕಳಿಸಿ ನನ್ನನ್ನು ಕರೆಸಿದರು. ನಾನು ಹಡಗಿನ ಸುದ್ದಿ ಹೇಳಿದ್ದು ಬಂಗಲೆಯಲ್ಲಿ. ಕ್ಯಾತಪ್ಪ? ಉಣ್ಣೆ ಮಾರಲು ಬಂದವನು ಹಿಂದೆಯೇ ಬಂದಿದ್ದ, ಅಷ್ಟೆ.

ನನ್ನ ನೆನಪಿನ ಮೇಲೆ ನನಗೇ ಅನುಮಾನ. ಅದು ಬಹಳ ಚೆನ್ನಾಗಿದೆ. ನಮ್ಮ ಅಂಗಳದ ದಾಳಿಂಬೆ ಗಿಡ ನೆಟ್ಟದ್ದು ನಾನು ತುಮಕೂರಿಗೆ ಹೋದ ಮೇಲೆ. ಹಾಗಾದರೆ ಆ ಹೂ ಯಾವುದು? ನನ್ನ ಕಥೆಯಲ್ಲಿ ಅಮ್ಮನವರು ತಾವಾಗಿ ಬರುತ್ತಾರೆ, ದೇವತೆಯ ಹಾಗೆ. ಅಣ್ಣನ ಕಥೆಯಲ್ಲಿ ಒಬ್ಬ ಕುರುಡ ಮುದುಕ ಕತ್ತಲಲ್ಲಿ ಎಡವುತ್ತಾ ಹೋಗುತ್ತಾನೆ, ಅವನ ಕೈ ಹಿಡಿದು ಒಬ್ಬ ಹುಡುಗ. ಎರಡನ್ನೂ ಸೇರಿಸಬಹುದಲ್ಲ, ತಾತ ಹೋಗಿ ಕರೆದರು, ಅಮ್ಮನವರು ಬಂದರು ಎಂದು ಮುಗಿಸಬಹುದಲ್ಲ ಎಂದು ನೀವು ಕೇಳುತ್ತೀರಿ. ನಮಗೂ ಹೊಳೆದಿತ್ತು. ಸೇರಿಸಿಬಿಟ್ಟರೆ ಜಗಳ ಮುಗಿಯುತ್ತಿತ್ತು. ಮದುವೆಯ ಮನೆ, ಸಾವಿನ ಮನೆ, ಎಲ್ಲಿ ಕೂಡಿದರೂ ನಾವು ಊಟಕ್ಕೆ ಮುಂಚೆ ಈ ಜಗಳವನ್ನು ಒಂದು ಸುತ್ತು ಆಡಿಯೇ ಕೂರುತ್ತಿದ್ದೆವು. “ಅದನ್ನ ನಾನು ನೋಡ್ಲಿಲ್ಲ” ಎಂದು ನಾನು. “ನಿದ್ದೆ ಮಾಡ್ತಿದ್ದೋಳು ಏನ್ ನೋಡ್ತೀಯ” ಎಂದು ಅವನು.

ಅಣ್ಣ ಈಗ ತುಮಕೂರಿನ ಆಸ್ಪತ್ರೆಯಲ್ಲಿದ್ದಾನೆ. ಹೋದ ವಾರ ನೋಡಲು ಹೋಗಿದ್ದೆ. ಮೂಗಿಗೆ ಬಾಯಿಗೆ ಗಾಳಿಯ ಮುಸುಕು ಕಟ್ಟಿದ್ದರು. ನನ್ನನ್ನು ಕಂಡವನೇ ಅದನ್ನು ಕೈಯಿಂದ ಸರಿಸಿ, “ತಾತನ್ನ ಕರ್ಕಂಡೋದೋನು ನಾನು” ಎಂದ. ನಾನು “ಮುಚ್ಕೊಳ್ಳಣ್ಣ, ಉಸಿರಾಡು. ಆಯಮ್ಮ ಜಗಲಿ ಮೇಲೇ ಇದ್ಲು” ಎಂದೆ. ಮುಸುಕಿನೊಳಗೆ ನಕ್ಕ. ಮುಸುಕು ಮಂಜಾಯಿತು.

ಇಷ್ಟನ್ನೂ ನಿನ್ನೆ ಸೌಮ್ಯಳಿಗೆ ಹೇಳಿ ಮುಗಿಸುವಾಗ ಹೊತ್ತು ಮುಳುಗಿತ್ತು. ನಾನು ಎದ್ದು ದೇವರ ಮುಂದೆ ದೀಪ ಹಚ್ಚಿ ಬಂದೆ. “ಅಜ್ಜಿ, ಇದನ್ನೇ ಪರೀಕ್ಷೇಲಿ ಹೇಳ್ಲಾ? ಎವ್ರಿ ಮಾರ್ನಿಂಗ್ ಬಿಟ್ಟು?” ಎಂದು ನಗುತ್ತಿದ್ದಳು. ಅಷ್ಟರಲ್ಲಿ ಅವಳ ಫೋನು ಗುಂಯ್ ಎಂದಿತು. ಎತ್ತಿ ನೋಡಿದಳು. ನನ್ನ ಕಣ್ಣಿಗೆ ಅವಳ ಮುಖ ಸರಿಯಾಗಿ ಕಾಣಲಿಲ್ಲ. ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟದ್ದು ಕೇಳಿಸಿತು.

“ಯಾರದಮ್ಮಾ?”

“ತುಮಕೂರಿಂದ, ನಿಮ್ಮ ಅಣ್ಣನ ಮಗ.” ಸ್ವಲ್ಪ ತಡೆದು, “ಉದ್ದ ಐತೆ ಅಜ್ಜಿ. ಬೆಳಿಗ್ಗೆ ಓದಿ ಹೇಳ್ತೀನಿ” ಎಂದಳು.

ಅವಳ ಧ್ವನಿ ಕುಂಟಿತು. ಎರಡು ಸಾಲು ನುಂಗಿದ ಧ್ವನಿ. ಆಗ ನನಗೆ ತಾತ ಅರ್ಥವಾದರು. ಪ್ರತಿ ಸಂಜೆ ನಾನು ಧಾರಣೆ ಓದುವಾಗಲೇ ಅವರಿಗೆ ಎಲ್ಲ ಗೊತ್ತಾಗುತ್ತಿತ್ತು. ಯಾರೋ ಹೋಗಿದ್ದಾರೆ, ಮಗು ಹಿಡಿದಿಟ್ಟುಕೊಂಡಿದೆ ಎಂದು. ಆ ರಾತ್ರಿಗಳಲ್ಲಿ ನಾನೊಬ್ಬಳೇ ಎಚ್ಚರವಿದ್ದೆ ಎಂದುಕೊಂಡಿದ್ದೆನಲ್ಲ, ನಡುಮನೆಯ ಆ ಕಡೆ ಅವರೂ ಎಚ್ಚರವಿದ್ದರು.

“ಆಗ್ಲಿ ತಾಯಿ, ಬೆಳಿಗ್ಗೇನೇ ಹೇಳು” ಎಂದೆ. ಅವಳು ಮಹಡಿ ಹತ್ತಿ ಹೋದಳು. ನಿನಗೆ ಯಾರು ತಡೆದು ಹೇಳುತ್ತಾರೆ ಎಂಬ ಇನ್‌ಸ್ಪೆಕ್ಟ್ರೆಸ್ ಅಮ್ಮನವರ ಪ್ರಶ್ನೆಗೆ ಈಗ ಬೇರೆ ಉತ್ತರ ಕೊಡಬಹುದಾಗಿತ್ತು; ಕೇಳಲು ಅವರಿಲ್ಲ.

ಅಣ್ಣ ರಾತ್ರಿ ಇಲ್ಲೇ ಇದ್ದ. ಮುಸುಕು ಗಿಸುಕು ಏನೂ ಇರಲಿಲ್ಲ. ಹುಡುಗನಾಗಿದ್ದಾಗಿನ ಚಡ್ಡಿ ಹಾಕಿಕೊಂಡು, ಒಂದು ಕೈಯನ್ನು ಯಾರೋ ಹಿಡಿದಿದ್ದಾರೆ ಎಂಬಂತೆ ಮುಂದಕ್ಕೆ ಚಾಚಿಕೊಂಡು ನಡುಮನೆಯಲ್ಲಿ ನಿಂತಿದ್ದ. ನಾನು ಅವನಿಗೆ ಏನೂ ಹೇಳಲಿಲ್ಲ.

ಕಿಟಕಿ ಬೆಳ್ಳಗಾಗುತ್ತಿದೆ. ಬೆಟ್ಟ ಇನ್ನೂ ಬರೀ ಒಂದು ಕಪ್ಪು. ಮಹಡಿಯ ಬಾಗಿಲ ಅಗುಳಿ ಸರಿದ ಸದ್ದಾಯಿತು. ಸೌಮ್ಯ ಇಳಿದು ಬರುತ್ತಿದ್ದಾಳೆ, ನಿಧಾನವಾಗಿ, ಒಂದೊಂದು ಮೆಟ್ಟಿಲಿಗೂ ನಿಂತು. ಅವಳು ಬಂದು ಹೇಳಿದ ಮೇಲೆ ಈ ಲೋಕದಲ್ಲಿ ನನ್ನ ಕಥೆಗೆ ಎದುರಾಡುವವರು ಯಾರೂ ಉಳಿಯುವುದಿಲ್ಲ. ಅಮ್ಮನವರು ಜಗಲಿಯ ಮೇಲೆ ಶಾಶ್ವತವಾಗಿ ಕೂತುಬಿಡುತ್ತಾರೆ, ದಾಳಿಂಬೆ ಹೂವಿನ ಸಮೇತ. ಅದಕ್ಕೇ ಅವಸರದಲ್ಲಿ, ಅವಳು ಕೆಳಗೆ ತಲುಪುವ ಮುಂಚೆ, ನಡುಮನೆಯ ಕಡೆ ತಿರುಗಿ ಗಟ್ಟಿಯಾಗಿಯೇ ಹೇಳಿದೆ:

“ಆಯ್ತು ಬುಡಣ್ಣ. ತಾತನ್ನ ಕರ್ಕಂಡೋದೋನು ನೀನೇ.”